ಹಳೆಯ ಎಂಜಿನ್ನಿಗೆ ಹೊಸ ಡೀಸೆಲ್

ಇಪ್ಪತ್ತು, ಮೂವತ್ತು ವರ್ಷ ದುಡಿದ ಟ್ರ್ಯಾಕ್ಟರು ಮತ್ತು ಡೀಸೆಲ್ ಪಂಪುಸೆಟ್ಟುಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಬಳಕೆಯಲ್ಲಿವೆ. “ಈಗಿನ ಡೀಸೆಲ್ಲಿನಲ್ಲಿ ಜಿಡ್ಡಿಲ್ಲ, ಹಳೆಯ ಎಂಜಿನ್ನು ಬೇಗ ಸವೆಯುತ್ತದೆ” ಎಂಬ ಮಾತು ಆಗಾಗ್ಗೆ ಕೇಳಿಬರುತ್ತದೆ. ಇದರಲ್ಲಿ ನಿಜವೆಷ್ಟು, ರೈತರು ವಹಿಸಬೇಕಾದ ಎಚ್ಚರಿಕೆ ಏನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬದಲಾದದ್ದು ಏನು?

1990ರ ದಶಕದ ಆರಂಭದಲ್ಲಿ ಡೀಸೆಲ್ಲಿನಲ್ಲಿ ಶೇಕಡಾ 1ರವರೆಗೆ ಗಂಧಕ ಇರಬಹುದಾಗಿತ್ತು. ಹಂತಹಂತವಾಗಿ ಇಳಿದ ಈ ಮಿತಿ, 2017ರ ಏಪ್ರಿಲ್ 1ರಿಂದ ದೇಶದಾದ್ಯಂತ ಹತ್ತು ಲಕ್ಷ ಭಾಗಕ್ಕೆ 50 ಭಾಗಕ್ಕೂ, 2020ರ ಏಪ್ರಿಲ್ 1ರಿಂದ 10 ಭಾಗಕ್ಕೂ ಬಂದಿದೆ. ಅಂದರೆ 200 ಲೀಟರಿನ ಒಂದು ಡ್ರಮ್ಮಿನಲ್ಲಿ ಹಿಂದೆ ಒಂದೂವರೆ ಕಿಲೋಗ್ರಾಂಗೂ ಹೆಚ್ಚು ಗಂಧಕ ಇರಲು ಅವಕಾಶವಿತ್ತು. ಈಗ ಅದು ಎರಡು ಗ್ರಾಂ ಕೂಡ ಇರುವಂತಿಲ್ಲ.

ಗಂಧಕ ಉರಿದಾಗ ಬರುವ ಅನಿಲವು ತೇವದೊಡನೆ ಸೇರಿ ಆಮ್ಲವಾಗುತ್ತದೆ. ಇದು ಲೈನರ್ ಮತ್ತು ಪಿಸ್ಟನ್ ರಿಂಗುಗಳನ್ನು ತಿನ್ನುತ್ತದೆ, ಎಂಜಿನ್ ಆಯಿಲನ್ನೂ ಬೇಗ ಕೆಡಿಸುತ್ತದೆ. ಆದುದರಿಂದ ಗಂಧಕ ಕಡಿಮೆಯಾದದ್ದು ಹಳೆಯ ಎಂಜಿನ್ನಿಗೂ ಒಳ್ಳೆಯದೇ.

ಜಿಡ್ಡಿನ ಪ್ರಶ್ನೆ

ಡೀಸೆಲ್ ಪಂಪಿನ ಒಳಭಾಗಗಳಿಗೆ, ಮುಖ್ಯವಾಗಿ ರೋಟರಿ ಪಂಪುಗಳಲ್ಲಿ, ಡೀಸೆಲ್ಲೇ ಕೀಲೆಣ್ಣೆ. ಈ ಗುಣವನ್ನು ಕೊಡುವುದು ಗಂಧಕವಲ್ಲ. ಆದರೆ ಶುದ್ಧೀಕರಣ ಕಾರ್ಖಾನೆಯಲ್ಲಿ ಜಲಜನಕದಿಂದ ಗಂಧಕವನ್ನು ತೆಗೆಯುವಾಗ, ಜಾರುಗುಣವುಳ್ಳ ಇತರ ಅಂಶಗಳೂ ಹೊರಟುಹೋಗುತ್ತವೆ. 1990ರ ದಶಕದ ಆರಂಭದಲ್ಲಿ ಸ್ವೀಡನ್ನಿನಲ್ಲಿ ಇಂಥ ಡೀಸೆಲ್ ಬಂದಾಗ ಪಂಪುಗಳು ಬೇಗ ಸವೆದದ್ದುಂಟು. ಜಾರುಗುಣ ಕೊಡುವ ದ್ರವ್ಯ ಬೆರೆಸಿದ ಮೇಲೆ ಆ ತೊಂದರೆ ನಿಂತಿತು. ಇಂದು ನಮ್ಮ ಡೀಸೆಲ್ಲಿಗೂ ಜಾರುಗುಣದ ಪರೀಕ್ಷೆ ಕಡ್ಡಾಯ. ಪರೀಕ್ಷೆಯಲ್ಲಿ ಸವೆದ ಗುರುತು 460 ಮೈಕ್ರಾನ್ ಮೀರಕೂಡದು. ರೈತರು ಮತ್ತೇನನ್ನೂ ಬೆರೆಸಬೇಕಾಗಿಲ್ಲ.

ನಿಜವಾದ ಅಪಾಯ ಎಲ್ಲಿದೆ?

ಅಪಾಯವಿರುವುದು ಹಳೆಯ ರಬ್ಬರಿನಲ್ಲಿ. ಹಿಂದಿನ ಡೀಸೆಲ್ಲಿನ ಕೆಲವು ಅಂಶಗಳಿಂದ ಉಬ್ಬಿಕೊಂಡಿದ್ದ ನೈಟ್ರೈಲ್ ರಬ್ಬರಿನ ಸೀಲು, ಓ-ರಿಂಗುಗಳು, ಆ ಅಂಶಗಳು ಕಡಿಮೆಯಾದಾಗ ಕುಗ್ಗುತ್ತವೆ. ವಯಸ್ಸಾಗಿ ಗಡುಸಾದ ರಬ್ಬರು ಆಗ ಬಿಗಿ ಕಳೆದುಕೊಳ್ಳುತ್ತದೆ. ಹೊರಗೆ ಸೋರಿದರೆ ಕಣ್ಣಿಗೆ ಕಾಣುತ್ತದೆ. ಆದರೆ ರೋಟರಿ ಪಂಪಿನ ಶಾಫ್ಟ್ ಸೀಲಾಗಲಿ, ಫೀಡ್ ಪಂಪಿನ ಡಯಾಫ್ರಮ್ಮಾಗಲಿ ಕೆಟ್ಟರೆ ಡೀಸೆಲ್ ಒಳಗೇ ಸೋರಿ ಎಂಜಿನ್ ಆಯಿಲನ್ನು ಸೇರುತ್ತದೆ. ಆಯಿಲ್ ತೆಳುವಾಗಿ ಬೇರಿಂಗುಗಳು ಕೆಡುತ್ತವೆ. ಕೆಲವು ರೂಪಾಯಿಯ ಸೀಲಿನಿಂದ ಇಡೀ ಎಂಜಿನ್ನೇ ಹಾಳಾಗಬಹುದು.

ಅನುಸರಿಸಬೇಕಾದ ಕ್ರಮಗಳು

1. ಪ್ರತಿದಿನ ಎಂಜಿನ್ ಚಾಲೂ ಮಾಡುವ ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಆಯಿಲ್ ಹಾಕದೆಯೇ ಮಟ್ಟ ಏರಿದ್ದರೆ, ತೆಳುವಾಗಿ ಡೀಸೆಲ್ ವಾಸನೆ ಬಂದರೆ, ಎಂಜಿನ್ ಓಡಿಸಬೇಡಿ. ಸೋರುವ ಭಾಗವನ್ನು ಸರಿಪಡಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರು ಎರಡನ್ನೂ ಬದಲಾಯಿಸಿ. (ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಸೇರಿರುವುದು ನೀರು.)

2. ಪಂಪು ಬಿಚ್ಚಿದಾಗಲೆಲ್ಲ ಎಲ್ಲ ಸೀಲುಗಳನ್ನೂ ಒಟ್ಟಿಗೆ ಹೊಸದಾಗಿ ಹಾಕಿಸಿ. ಡೀಸೆಲ್ಲಿಗೆ ತಡೆಯುವ ವಿಟಾನ್ ಸೀಲು ಸಿಕ್ಕರೆ ಉತ್ತಮ.

3. ಸೀಮೆಎಣ್ಣೆಯನ್ನು ಎಂದಿಗೂ ಬೆರೆಸಬೇಡಿ. ಅದರಿಂದ ಡೀಸೆಲ್ಲಿನ ಜಾರುಗುಣ ತಗ್ಗಿ ಪಂಪು, ನಾಜಲ್ಲುಗಳು ಸವೆಯುತ್ತವೆ. ಹಸಿ ಹೊಂಗೆ ಎಣ್ಣೆಯನ್ನೂ ಸುರಿಯಬಾರದು. ಅದರಿಂದ ನಾಜಲ್ಲಿನಲ್ಲಿ ಮಸಿ ಕಟ್ಟುತ್ತದೆ.

4. ಡೀಸೆಲ್ಲಿಗೆ ನೀರು, ಧೂಳು ಸೇರದಂತೆ ನೋಡಿಕೊಳ್ಳಿ. ಡ್ರಮ್ಮನ್ನು ನೆರಳಿನಲ್ಲಿ, ಮುಚ್ಚಳ ಬಿಗಿದು ಇಡಿ. ತಳದ ಡೀಸೆಲ್ಲನ್ನು ಟ್ಯಾಂಕಿಗೆ ಹಾಕಬೇಡಿ.

5. ಗಂಧಕ ಕಡಿಮೆಯೆಂದು ಆಯಿಲ್ ಬದಲಾಯಿಸುವ ಅವಧಿಯನ್ನು ಮುಂದೂಡಬೇಡಿ. ಕೈಪಿಡಿಯಲ್ಲಿ ಸೂಚಿಸಿರುವ ಗಂಟೆಗಳನ್ನೇ ಪಾಲಿಸಿ.

ಹೊಸ ಡೀಸೆಲ್ಲಿಗಾಗಿ ಹಳೆಯ ಎಂಜಿನ್ನನ್ನು ಮಾರಬೇಕಾಗಿಲ್ಲ, ಹೆದರಬೇಕಾಗಿಯೂ ಇಲ್ಲ. ಶುದ್ಧ ಡೀಸೆಲ್, ಒಳ್ಳೆಯ ಸೀಲು ಮತ್ತು ದಿನಕ್ಕೊಮ್ಮೆ ಆಯಿಲ್ ಕಡ್ಡಿಯ ಪರೀಕ್ಷೆ, ಇಷ್ಟಿದ್ದರೆ ಅದು ಇನ್ನೂ ಅನೇಕ ವರ್ಷ ದುಡಿಯಬಲ್ಲದು.