ಕರ್ಟಿಸ್ ಬೊಟಾನಿಕಲ್ ಮ್ಯಾಗಜೀನ್: ಕೈಯಿಂದ ಬಣ್ಣ ತುಂಬಿದ ಹೂಚಿತ್ರಗಳು

ಲಂಡನ್ನಿನ ವಿಲಿಯಂ ಕರ್ಟಿಸ್ 1787ರಲ್ಲಿ ಆರಂಭಿಸಿದ ಸಚಿತ್ರ ಸಸ್ಯಶಾಸ್ತ್ರ ಪತ್ರಿಕೆ. ಮೊದಲ ಚಿತ್ರ ಐರಿಸ್ ಪರ್ಸಿಕಾ ಹೂವಿನದು. ಇದಕ್ಕೂ ಮುನ್ನ, ಕಾಡುಗಿಡಗಳ ಕುರಿತ ಅವರ 'ಫ್ಲೋರಾ ಲಂಡಿನೆನ್ಸಿಸ್' ನಷ್ಟ ತಂದಿತ್ತು. ಆದರೆ ಈ ಪತ್ರಿಕೆಯಲ್ಲಿ ಬಂದ ತೋಟದ ಹೂಗಳು ಕೈಹಿಡಿದವು.

ತಂತ್ರ: ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಶಾಯಿ ತುಂಬಿ, ಕಾಗದದ ಮೇಲೆ ಒತ್ತುತ್ತಿದ್ದರು. ಅಚ್ಚಾಗುತ್ತಿದ್ದುದು ಗೆರೆ ಮಾತ್ರ. ಆಮೇಲೆ ಬಣ್ಣಗಾರರು ಮಾದರಿ ನೋಡಿಕೊಂಡು ಒಂದೊಂದು ಪ್ರತಿಗೂ ಕುಂಚದಿಂದ ಜಲವರ್ಣ ಹಚ್ಚಬೇಕಿತ್ತು. ಹಾಗಾಗಿ ಒಂದೇ ಹೂವಿನ ಎರಡು ಪ್ರತಿಗಳಲ್ಲಿ ಛಾಯೆ ತುಸು ಬೇರೆಯಾಗಿರುವುದುಂಟು. 1845ರ ಸುಮಾರಿಗೆ ಶಿಲಾಮುದ್ರಣ ಬಂದರೂ ಕೈಬಣ್ಣ ನಿಲ್ಲಲಿಲ್ಲ, 1948ರವರೆಗೂ ನಡೆಯಿತು!

ಪ್ರಮುಖ ಕಲಾವಿದ: ವಾಲ್ಟರ್ ಹುಡ್ ಫಿಚ್. ಆಗಿನ ಸಂಪಾದಕ ಜೋಸೆಫ್ ಹೂಕರ್ ಜೊತೆ ಸಂಭಾವನೆಯ ತಕರಾರಾಗಿ 1877ರಲ್ಲಿ ಪತ್ರಿಕೆ ಬಿಟ್ಟರು.