ಬೆರಳಿನ ಗಾಯ: ಮನೆಯಲ್ಲಿ ಎಷ್ಟು, ವೈದ್ಯರಲ್ಲಿ ಎಷ್ಟು?



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವ ಕೆಲಸ ನನ್ನದು. ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಆದರೂ ಬೆರಳಿನ ಗಾಯ ನಮಗೆ ಹೊಸದಲ್ಲ. ನೋಟಿನ ಕಟ್ಟುಗಳಿಗೆ ಪಿನ್ ಹೊಡೆಯಬೇಡಿ ಎಂದು ರಿಸರ್ವ್ ಬ್ಯಾಂಕು 2001ರಲ್ಲಿ ಹೇಳುವವರೆಗೆ ಕ್ಯಾಷಿಯರುಗಳ ಹೆಬ್ಬೆರಳಿಗೆ ಪಿನ್ ಚುಚ್ಚುವುದು ಮಾಮೂಲಾಗಿತ್ತು.

ಈಳಿಗೆ ಮಣೆಯಲ್ಲೋ ಚಾಕುವಿನಲ್ಲೋ ಬೆರಳು ಕೊಯ್ದುಕೊಂಡರೆ ಮೊದಲು ಉಂಗುರ ತೆಗೆಯಿರಿ. ಊತ ಬಂದ ಮೇಲೆ ಅದನ್ನು ಕತ್ತರಿಸಿಯೇ ತೆಗೆಯಬೇಕಾದೀತು. ನಲ್ಲಿಯ ಹರಿಯುವ ನೀರಿನಲ್ಲಿ ಗಾಯವನ್ನು ಚೆನ್ನಾಗಿ ತೊಳೆಯಿರಿ. ಸುತ್ತಲಿನ ಚರ್ಮಕ್ಕೆ ಸಾಬೂನು ಸಾಕು. ಆಮೇಲೆ ಶುಭ್ರ ಬಟ್ಟೆಯಿಂದ ಒತ್ತಿ, ಕೈಯನ್ನು ಎದೆಗಿಂತ ಮೇಲೆ ಎತ್ತಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಹಿಡಿಯಿರಿ. ರಕ್ತ ನಿಂತಿತೇ ಎಂದು ನಿಮಿಷಕ್ಕೊಮ್ಮೆ ಬಿಚ್ಚಿ ನೋಡಿದರೆ ಹೆಪ್ಪು ಕಿತ್ತುಬರುತ್ತದೆ. ಅರಿಶಿನ, ಕಾಫಿ ಪುಡಿ, ಸುಣ್ಣ ಯಾವುದೂ ಬೇಡ. ಬೆರಳಿನ ಬುಡಕ್ಕೆ ದಾರ ಬಿಗಿಯುವುದಂತೂ ಬೇಡವೇ ಬೇಡ. ರಕ್ತ ನಿಂತ ಮೇಲೆ ಪಟ್ಟಿ ಹಾಕಿ, ಒದ್ದೆಯಾದರೆ ಬದಲಿಸಿ.

ಅಂದ ಹಾಗೆ, ಬ್ಯಾಂಡ್-ಏಡ್ ಹುಟ್ಟಿದ್ದೇ ಇಂಥ ಅಡುಗೆಮನೆ ಗಾಯದಿಂದ. 1920ರಲ್ಲಿ ಅಮೆರಿಕದ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯ ನೌಕರ ಅರ್ಲ್ ಡಿಕ್ಸನ್ ಅದನ್ನು ತಯಾರಿಸಿದ್ದು ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ.

ಕಳೆದ ಮಳೆಗಾಲದಲ್ಲಿ ನಿಧಿಗೆ ಬಂದ ಒಂದು ಅರ್ಜಿಯ ಕಾರಣಕ್ಕೇ ಇದನ್ನು ಬರೆಯುತ್ತಿದ್ದೇನೆ. ಯಾದಗಿರಿ ಕಡೆಯಿಂದ ಬಂದು ಇಲ್ಲಿ ಹಿಂಜವಾಡಿಯ ಕಟ್ಟಡವೊಂದರಲ್ಲಿ ಸೆಂಟ್ರಿಂಗ್ ಕೆಲಸ ಮಾಡುವವರು. ತೋರುಬೆರಳಿಗೆ ತಂತಿ ಚುಚ್ಚಿತು. ಹೊರಗೆ ಕಂಡದ್ದು ಒಂದು ಚುಕ್ಕೆ ಮಾತ್ರ. ಸುಣ್ಣ ಹಚ್ಚಿ ಕೆಲಸಕ್ಕೆ ಹೋದರು, ಏಕೆಂದರೆ ರಜೆ ಹಾಕಿದರೆ ಕೂಲಿ ಇಲ್ಲ. ನಾಲ್ಕನೆಯ ದಿನ ಬೆರಳು ಪೂರ್ತಿ ಊದಿ, ಅರ್ಧ ಮಡಿಸಿಕೊಂಡು ನಿಂತಿತು. ನೇರ ಮಾಡಹೋದರೆ ಪ್ರಾಣ ಹೋಗುವ ನೋವು. ಕೀವು ಸ್ನಾಯುರಜ್ಜುವಿನ ಕೋಶಕ್ಕೆ ಇಳಿದಿತ್ತು. ಶಸ್ತ್ರಚಿಕಿತ್ಸೆಯಿಂದ ಬೆರಳು ಉಳಿಯಿತು, ಆದರೆ ಇನ್ನೂ ಪೂರ್ತಿ ಮಡಚುವುದಿಲ್ಲ. ಸುತ್ತಿಗೆ ಹಿಡಿಯುವವರಿಗೆ ಬೆರಳೇ ಬಂಡವಾಳ.

ಆದ್ದರಿಂದ ಗಾಯದ ಉದ್ದ ನೋಡಿ ತೀರ್ಮಾನಿಸಬೇಡಿ. ಬೆರಳಿನ ಪ್ರತಿ ಗೆಣ್ಣನ್ನೂ ಮಡಚಿ, ಚಾಚಿ ನೋಡಿ. ತುದಿಯ ಎರಡೂ ಪಕ್ಕ ಮುಟ್ಟಿದರೆ ತಿಳಿಯುತ್ತದೆಯೇ ನೋಡಿ. ಒಂದು ಗೆಣ್ಣು ಕೆಲಸ ಮಾಡದಿದ್ದರೆ, ಜೋಮು ಹಿಡಿದಿದ್ದರೆ, ಗಾಯ ಬಾಯಿ ಬಿಟ್ಟಿದ್ದರೆ, ಹತ್ತು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ. ಮರುದಿನ ಊತ, ಮಿಡಿಯುವ ನೋವು, ಕೀವು, ಜ್ವರ, ತೋಳಿನತ್ತ ಏರುವ ಕೆಂಪು ಗೆರೆ ಕಂಡರೂ ಅಷ್ಟೇ. ಮಧುಮೇಹಿಗಳು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು (ನಮ್ಮ ಹಿರಿಯ ಸದಸ್ಯರಲ್ಲಿ ಬಹಳ ಮಂದಿ) ಹೆಚ್ಚು ಎಚ್ಚರದಿಂದಿರಬೇಕು.

ಧನುರ್ವಾಯು ಬರುವುದು ತುಕ್ಕಿನಿಂದಲ್ಲ. ಮಣ್ಣು, ಸಗಣಿಯಲ್ಲಿರುವ ರೋಗಾಣುವಿನಿಂದ. ಲಸಿಕೆಗಳನ್ನು ಪೂರ್ತಿ ಪಡೆದವರಿಗೂ ಕೊನೆಯ ಚುಚ್ಚುಮದ್ದಾಗಿ ಹತ್ತು ವರ್ಷ ಕಳೆದಿದ್ದರೆ, ಕೊಳೆ ಸೇರಿದ ಗಾಯಕ್ಕೆ ಐದು ವರ್ಷವಾಗಿದ್ದರೂ, ಮತ್ತೊಂದು ಬೇಕು. ದಿನಾಂಕವನ್ನು ಪಾಸ್‌ಬುಕ್ಕಿನಂತೆ ಬರೆದಿಡಿ.

ಮೇಲೆ ಹೇಳಿದ ಕಾರ್ಮಿಕರ ಅರ್ಜಿ ಮಂಜೂರಾಗಿದೆ. ಫಿಜಿಯೋಥೆರಪಿ ಇನ್ನೂ ನಡೆದಿದೆ. ಈ ಸಲದ ಮನವಿಯ ಹಣದಲ್ಲಿ ಆ ಖರ್ಚು, ಜೊತೆಗೆ ನಮ್ಮವರಿರುವ ಲೇಬರ್ ಕ್ಯಾಂಪುಗಳಿಗೆ ಗಾಜ್, ಪಟ್ಟಿ, ಸಾಬೂನು ಇರುವ ಪೆಟ್ಟಿಗೆಗಳು ಸೇರಿವೆ. ಹಣ ಕೊಟ್ಟವರು ದಯವಿಟ್ಟು ರಸೀದಿ ಕೇಳಿ ಪಡೆಯಿರಿ.