ಹದವರಿತ ಶಾಖ: ಸಂಯುಕ್ತ ವಸ್ತುಗಳನ್ನು ಪಕ್ವಗೊಳಿಸುವ ಒಲೆಯ ರಚನೆ

ಮಣ್ಣನ್ನು ಸುಟ್ಟು ಇಟ್ಟಿಗೆ ಮಾಡುವುದು, ಕಲ್ಲನ್ನು ಸುಟ್ಟು ಸುಣ್ಣ ಮಾಡುವುದು, ಅದಿರನ್ನು ಕರಗಿಸಿ ಕಬ್ಬಿಣ ತೆಗೆಯುವುದು, ಕಬ್ಬಿನ ಹಾಲನ್ನು ಕಾಯಿಸಿ ಬೆಲ್ಲ ಮಾಡುವುದು, ಇವಾವುವೂ ತುಂಗಭದ್ರೆಯ ದಂಡೆಯ ನಮ್ಮ ಸೀಮೆಗೆ ಹೊಸವಲ್ಲ. ಹಂಪೆಯ ಗೋಪುರಗಳ ಇಟ್ಟಿಗೆ, ಗಾರೆಗಳೂ, ಹೊಸಪೇಟೆ ಕಂಪ್ಲಿಗಳ ಆಲೆಮನೆಗಳೂ, ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ಒಂದೇ ವಿದ್ಯೆಯ ಬೇರೆ ಬೇರೆ ರೂಪಗಳು. ಆ ವಿದ್ಯೆಯೆಂದರೆ ವಸ್ತುವಿಗೆ ತಕ್ಕ ಶಾಖವನ್ನು, ತಕ್ಕ ಕಾಲದವರೆಗೆ, ತಕ್ಕ ರೀತಿಯಲ್ಲಿ ಕೊಡುವುದು. ಇದನ್ನೇ ನಮ್ಮ ಹಿರಿಯರು ‘ಹದ’ ಎಂಬ ಒಂದೇ ಮಾತಿನಲ್ಲಿ ಹೇಳಿದರು. ಈ ಹಳೆಯ ವಿದ್ಯೆಯನ್ನು ಹೊಸ ಕಾಲದ ವಸ್ತುವೊಂದಕ್ಕೆ ಅನ್ವಯಿಸಿ, ಪ್ರೌಢಶಾಲೆಯ ಕಾರ್ಯಾಗಾರದಲ್ಲಿಯೇ ಕಟ್ಟಬಹುದಾದ ಒಂದು ಒಲೆಯನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಸಂಯುಕ್ತ ವಸ್ತುವೆಂದರೇನು?

ಭಿನ್ನ ಗುಣಗಳುಳ್ಳ ಎರಡು ಅಥವಾ ಹೆಚ್ಚು ಪದಾರ್ಥಗಳು ಕರಗಿ ಒಂದಾಗದೆ, ತಮ್ಮ ತಮ್ಮ ಗುಣವನ್ನು ಉಳಿಸಿಕೊಂಡೇ ಕೂಡಿ ದುಡಿಯುವಂತೆ ಮಾಡಿದ ವಸ್ತುವೇ ಸಂಯುಕ್ತ ವಸ್ತು. ಗೋಡೆಯ ಮಣ್ಣಿಗೆ ಹುಲ್ಲು ಬೆರೆಸಿ ತುಳಿಯುವುದೂ, ಬಿದಿರು ಹೆಣೆದ ಕಣಜಕ್ಕೆ ಸಗಣಿ ಮಣ್ಣು ಮೆತ್ತುವುದೂ ಇದೇ ತತ್ತ್ವದ ಮೇಲೆ ನಿಂತಿವೆ. ಹುಲ್ಲು ಮತ್ತು ಬಿದಿರು ಎಳೆತವನ್ನು ತಾಳುತ್ತವೆ. ಮಣ್ಣು ಅವನ್ನು ಹಿಡಿದಿಟ್ಟು ಒತ್ತಡವನ್ನು ಹಂಚುತ್ತದೆ.

ಇದಕ್ಕೆ ನಮ್ಮ ಸೀಮೆಯ ಸೊಗಸಾದ ಉದಾಹರಣೆ ಹರಿಗೋಲು. 16ನೆಯ ಶತಮಾನದ ಆರಂಭದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಜನರು ಬುಟ್ಟಿಯಂತೆ ದುಂಡಾದ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದಿಪ್ಪತ್ತು ಜನರನ್ನು ಅದು ಹೊರುತ್ತಿತ್ತು. ತೊಗಲು ಹೋಗಿ ಡಾಂಬರು ಬಳಿದ ಹೊದಿಕೆ ಬಂದಿತು. ಈಚೆಗೆ ಕೆಲವೆಡೆ ಗಾಜಿನ ನಾರಿನ ಹರಿಗೋಲುಗಳೂ ಬಂದಿವೆ. ಹೆಣಿಗೆಯೊಂದು, ಹೊದಿಕೆಯೊಂದು ಎಂಬ ತತ್ತ್ವ ಮಾತ್ರ ಬದಲಾಗಲಿಲ್ಲ.

ಆಧುನಿಕ ಸಂಯುಕ್ತ ವಸ್ತುವಿನಲ್ಲಿ ಗಾಜಿನ ಅಥವಾ ಇಂಗಾಲದ ಸೂಕ್ಷ್ಮವಾದ ನಾರು ಹೆಣಿಗೆಯ ಸ್ಥಾನದಲ್ಲಿದೆ; ಎಪಾಕ್ಸಿಯಂತಹ ಕೃತಕ ರಾಳ ಹೊದಿಕೆಯ ಸ್ಥಾನದಲ್ಲಿದೆ. ಗಾಜಿನ ನಾರಿನ ಸಂಯುಕ್ತ ವಸ್ತುವಿನ ತೂಕ ಅಷ್ಟೇ ಗಾತ್ರದ ಉಕ್ಕಿನ ತೂಕದ ಸುಮಾರು ನಾಲ್ಕನೆಯ ಒಂದು ಭಾಗ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ, ಮುಂದೆ ‘ತೇಜಸ್’ ಎಂದು ಹೆಸರಾದ ಲಘು ಯುದ್ಧವಿಮಾನದ ಒಡಲಿನಲ್ಲಿ ತೂಕದ ಲೆಕ್ಕದಲ್ಲಿ ಸುಮಾರು ಶೇಕಡ 45ರಷ್ಟು ಇಂತಹ ವಸ್ತುವೇ ಇದೆ. ಅದರ ಬಾಲದ ರೆಕ್ಕೆಯನ್ನು ರೂಪಿಸಿದ್ದು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ. ಇಂತಹ ಭಾಗಗಳನ್ನು ‘ಆಟೊಕ್ಲೇವ್’ ಎಂಬ ಬೃಹತ್ ಒತ್ತಡದ ಒಲೆಗಳಲ್ಲಿ, ಸಾಮಾನ್ಯವಾಗಿ 180 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ, ವಾಯುಮಂಡಲದ ಆರೇಳರಷ್ಟು ಒತ್ತಡದಲ್ಲಿ ಕಾಯಿಸಲಾಗುತ್ತದೆ. ಶಾಲೆಗೆ ಅಂತಹ ಯಂತ್ರದ ಅಗತ್ಯವಿಲ್ಲ. 80 ಡಿಗ್ರಿಯ ಒಂದು ಪೆಟ್ಟಿಗೆ ಸಾಕು.

ರಾಳವನ್ನು ಕಾಯಿಸುವುದೇಕೆ?

ಆಲೆಮನೆಯ ಬೆಲ್ಲವನ್ನು ಮರಳಿ ಕಾಯಿಸಿದರೆ ಅದು ಮರಳಿ ಕರಗುತ್ತದೆ. ಸುಟ್ಟ ಇಟ್ಟಿಗೆಯನ್ನು ನೀರಿನಲ್ಲಿ ನೆನೆಸಿದರೆ ಅದು ಮರಳಿ ಕೆಸರಾಗುವುದಿಲ್ಲ. ಎಪಾಕ್ಸಿ ರಾಳವು ಇಟ್ಟಿಗೆಯ ಜಾತಿಗೆ ಸೇರಿದ್ದು. ರಾಳಕ್ಕೆ ಗಟ್ಟಿಕಾರಕವನ್ನು ಬೆರೆಸಿದೊಡನೆ ಅವುಗಳ ಅಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳತೊಡಗಿ, ಕಡೆಗೆ ಎಲ್ಲ ದಿಕ್ಕಿಗೂ ಹಬ್ಬಿದ ಒಂದೇ ಬಲೆಯಾಗುತ್ತವೆ. ಈ ಕ್ರಿಯೆಯನ್ನೇ ಇಲ್ಲಿ ಪಕ್ವವಾಗುವುದು ಎಂದು ಕರೆದಿದೆ. ಇದು ಹಿಂದಿರುಗದ ಮಾರ್ಗ. ಒಮ್ಮೆ ಹದ ತಪ್ಪಿದರೆ ತಿದ್ದುವುದು ಕಷ್ಟ.

ಶಾಖವಿಲ್ಲದೆಯೂ ಈ ಕ್ರಿಯೆ ಆರಂಭವಾಗುತ್ತದೆ, ಆದರೆ ಮುಗಿಯುವುದಿಲ್ಲ. ಬಲೆ ಬಿಗಿಯಾದಂತೆಲ್ಲ ಅಣುಗಳು ಚಲಿಸಲಾರದೆ, ಕೊಂಡಿ ಹಾಕದ ತುದಿಗಳು ಹಾಗೆಯೇ ಉಳಿದುಬಿಡುತ್ತವೆ. ವಸ್ತು ಮುಟ್ಟಿದರೆ ಗಟ್ಟಿ, ತಟ್ಟಿದರೆ ಸದ್ದು, ನೋಡಿದರೆ ಹೊಳಪು. ಆದರೂ ಒಳಗೆ ಹಸಿ. ಕೊಠಡಿಯ ಉಷ್ಣತೆಯಲ್ಲಿಯೇ ಗಟ್ಟಿಯಾದ ಸಾಮಾನ್ಯ ಎಪಾಕ್ಸಿಯು ಸುಮಾರು 50ರಿಂದ 60 ಡಿಗ್ರಿ ತಲುಪಿದಾಗ ಮೆತ್ತಗಾಗತೊಡಗುತ್ತದೆ. ತಂಪು ನಾಡಿನಲ್ಲಿ ಇದು ದೊಡ್ಡ ದೋಷವಲ್ಲದಿರಬಹುದು. ಆದರೆ ಬೇಸಿಗೆಯಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ಮುಟ್ಟುವ ನಮ್ಮ ಸೀಮೆಯಲ್ಲಿ, ಬಿಸಿಲಿಗೆ ಬಿದ್ದ ಕಪ್ಪು ಬಣ್ಣದ ವಸ್ತುವಿನ ಮೈ 65 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಆ ವಸ್ತು ಹರಿಗೋಲಿನ ಹುಟ್ಟಾಗಿದ್ದರೆ ನಡುಹೊಳೆಯಲ್ಲಿ ಬಾಗೀತು. ಕೃತಕ ಕಾಲಿನ ಬಟ್ಟಲಾಗಿದ್ದರೆ ಅದನ್ನು ನಂಬಿ ಹೆಜ್ಜೆ ಇಟ್ಟವನು ಬಿದ್ದಾನು. ಆದುದರಿಂದ ಕೊಠಡಿಯಲ್ಲಿ ಗಟ್ಟಿಯಾದ ವಸ್ತುವನ್ನು ಅನಂತರ 60ರಿಂದ 80 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ, ಉಳಿದ ಕೊಂಡಿಗಳನ್ನು ಪೂರ್ಣಗೊಳಿಸುವುದು ಇಲ್ಲಿ ಅನಿವಾರ್ಯ.

ಬಿಸಿಲಿನಲ್ಲಿಯೇ ಏಕೆ ಕಾಯಿಸಬಾರದೆಂದು ವಿದ್ಯಾರ್ಥಿಗಳು ಕೇಳಬಹುದು. ಬಿಸಿಲಿಗೆ ಶಕ್ತಿಯಿದೆ, ಸ್ಥಿರತೆಯಿಲ್ಲ. ಮೋಡ ಬಂದರೆ ಇಳಿಯುತ್ತದೆ, ಗಾಳಿ ಬೀಸಿದರೆ ಒಂದು ಬದಿ ಆರುತ್ತದೆ. ಒಲೆಯಿಂದ ನಮಗೆ ಬೇಕಾದುದು ಎಲ್ಲ ಕಡೆಗೂ ಸಮನಾದ, ಅಳೆದು ಕೊಡಬಲ್ಲ ಶಾಖ.

ಒಲೆಯ ರಚನೆ

ಒಳ ಅಳತೆ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 60 ಸೆಂ.ಮೀ. ಎತ್ತರವಿರುವ ಪೆಟ್ಟಿಗೆ ಶಾಲೆಯ ಕೆಲಸಕ್ಕೆ ತಕ್ಕದ್ದು. ಕಬ್ಬಿಣದ ಆಂಗಲ್‌ಗಳ ಚೌಕಟ್ಟು. ಒಳಗೂ ಹೊರಗೂ ಸತುವು ಲೇಪಿಸಿದ ತಗಡು. ನಡುವೆ 5 ಸೆಂ.ಮೀ. ದಪ್ಪದ ರಾಕ್‌ವುಲ್. ಥರ್ಮೋಕೋಲನ್ನು ಎಂದಿಗೂ ಬಳಸಬಾರದು. 80 ಡಿಗ್ರಿ ದಾಟುತ್ತಲೇ ಅದು ಕುಗ್ಗತೊಡಗುತ್ತದೆ, ಬೆಂಕಿ ತಗುಲಿದರೆ ಉರಿಯುತ್ತದೆ. ಬಾಗಿಲಿನ ಅಂಚಿಗೆ ಶಾಖ ತಾಳುವ ಸಿಲಿಕೋನ್ ಪಟ್ಟಿ ಇರಲಿ. ಮೇಲ್ಭಾಗದಲ್ಲಿ ಆವಿ ಹೋಗಲು ಹೆಬ್ಬೆರಳು ಗಾತ್ರದ ಒಂದು ರಂಧ್ರವಿರಲಿ.

ಎಷ್ಟು ಶಾಖ ಬೇಕೆಂಬುದನ್ನು ಊಹಿಸದೆ ಲೆಕ್ಕ ಹಾಕಬೇಕು. ಹತ್ತನೆಯ ತರಗತಿಯ ಗಣಿತವೇ ಇದಕ್ಕೆ ಸಾಕು. ಪೆಟ್ಟಿಗೆಯ ಆರು ಮೈಗಳ ಒಟ್ಟು ವಿಸ್ತೀರ್ಣ 3.6 ಚದರ ಮೀಟರು. 5 ಸೆಂ.ಮೀ. ದಪ್ಪದ ರಾಕ್‌ವುಲ್ ಮೂಲಕ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಸುಮಾರು 0.9 ವ್ಯಾಟ್ ಶಾಖ ಸೋರುತ್ತದೆ. ಹೊರಗೆ 30, ಒಳಗೆ 80 ಡಿಗ್ರಿ ಇದ್ದರೆ ಸೋರಿಕೆ 3.6 × 0.9 × 50, ಅಂದರೆ 162 ವ್ಯಾಟ್. ಬಾಗಿಲು, ಮೂಲೆ, ಚೌಕಟ್ಟುಗಳ ಮೂಲಕ ಹೋಗುವುದನ್ನೂ ಸೇರಿಸಿ ಇದನ್ನು ಇಮ್ಮಡಿಯೆಂದು ಎಣಿಸೋಣ, 325 ವ್ಯಾಟ್. ಒಳತಗಡು, ಅಚ್ಚು ಮುಂತಾದುವನ್ನು 50 ಡಿಗ್ರಿ ಏರಿಸಲು ಸುಮಾರು 1,500 ಕಿಲೋಜೌಲ್ ಬೇಕು. 1,500 ವ್ಯಾಟ್‌ನ ಹೀಟರ್ ಇದ್ದರೆ ಅರ್ಧ ಗಂಟೆಯೊಳಗೆ ಪೆಟ್ಟಿಗೆ ಸಿದ್ಧವಾಗುತ್ತದೆ. 230 ವೋಲ್ಟ್‌ನಲ್ಲಿ ಇದು ಎಳೆಯುವ ವಿದ್ಯುತ್ ಸುಮಾರು 6.5 ಆಂಪಿಯರ್, 16 ಆಂಪಿಯರಿನ ಸಾಕೆಟ್ ಇದನ್ನು ಸುಖವಾಗಿ ತಾಳುತ್ತದೆ. ನಾಲ್ಕು ಗಂಟೆ ಕಾಯಿಸಲು ಒಟ್ಟು ಎರಡು ಯೂನಿಟ್ಟಿಗಿಂತ ಹೆಚ್ಚಿನ ಖರ್ಚಿಲ್ಲ.

ಹೀಟರನ್ನು ಒಂದು ಬದಿಯಲ್ಲಿಟ್ಟು ಅದರ ಮುಂದೆ ತಗಡಿನ ತಡಿಕೆ ಕೊಡಬೇಕು. ಇಲ್ಲವಾದರೆ ಎದುರಿಗಿರುವ ವಸ್ತು ನೇರ ತಾಪದಿಂದ ಸುಟ್ಟೀತು. ಒಳಗಿನ ಗಾಳಿಯನ್ನು ಸುತ್ತಿಸಲು ಫ್ಯಾನ್ ಅತ್ಯಾವಶ್ಯಕ. ಅದರ ರೆಕ್ಕೆ ಒಳಗಿರಲಿ, ಮೋಟಾರು ಹೊರಗಿರಲಿ. ಗಾಳಿ ನಿಂತ ಪೆಟ್ಟಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ ಎಂಬಂತಾಗಿ ಒಂದೇ ವಸ್ತುವಿನ ಎರಡು ತುದಿಗಳು ಎರಡು ಹದಕ್ಕೆ ಬರುತ್ತವೆ.

ಉಷ್ಣತೆಯನ್ನು ಕಾಯ್ದುಕೊಳ್ಳಲು ಪಿ.ಐ.ಡಿ. ನಿಯಂತ್ರಕವನ್ನು ಬಳಸುವುದು ಮೇಲು. ಸಾಧಾರಣ ಥರ್ಮೋಸ್ಟ್ಯಾಟ್ ಗುರಿ ಮುಟ್ಟಿದ ಮೇಲಷ್ಟೇ ಹೀಟರನ್ನು ಆರಿಸುವುದರಿಂದ ಉಷ್ಣತೆ ಗುರಿಯನ್ನು ದಾಟಿ ಏರುತ್ತದೆ. ಈ ನಿಯಂತ್ರಕವಾದರೋ ಗುರಿ ಸಮೀಪಿಸುತ್ತಿದ್ದಂತೆ ಶಾಖವನ್ನು ಕ್ರಮೇಣ ತಗ್ಗಿಸುತ್ತದೆ. ಇಲ್ಲಿ ಒಂದು ಮುಖ್ಯ ವಿಷಯವನ್ನು ಮರೆಯಬಾರದು. ಹೀಟರನ್ನು ಹೊತ್ತಿಸಿ ಆರಿಸುವ ಘನಸ್ಥಿತಿ ರಿಲೇ ಕೆಟ್ಟಾಗ ಸಾಮಾನ್ಯವಾಗಿ ಸಂಪರ್ಕ ಕಡಿಯದೆ, ಹೊತ್ತಿದಂತೆಯೇ ಉಳಿದುಬಿಡುತ್ತದೆ. ಆದುದರಿಂದ 110 ಡಿಗ್ರಿಯಲ್ಲಿ ತಾನೇ ವಿದ್ಯುತ್ತನ್ನು ಕಡಿಯುವ, ನಿಯಂತ್ರಕಕ್ಕೆ ಸಂಬಂಧವಿಲ್ಲದ ಪ್ರತ್ಯೇಕ ರಕ್ಷಕವೊಂದು ಇರಲೇಬೇಕು.

ಕಾಯಿಸುವ ಕ್ರಮ

ಅಚ್ಚಿನ ಮೇಲೆ ನಾರಿನ ಬಟ್ಟೆಯನ್ನು ಪದರ ಪದರವಾಗಿ ಹಾಸಿ ರಾಳ ಉಣಿಸಿದ ಮೇಲೆ, ಅದನ್ನು ನೈಲಾನ್ ಹಾಳೆಯ ಚೀಲದಲ್ಲಿ ಮುಚ್ಚಿ ಗಾಳಿ ತೆಗೆಯುವುದು ಉತ್ತಮ ಪದ್ಧತಿ. ಆಗ ಹೊರಗಿನ ವಾಯುಮಂಡಲವೇ ಪದರಗಳನ್ನು ಅದುಮುತ್ತದೆ. ಸಮುದ್ರಮಟ್ಟದಿಂದ ಸುಮಾರು 480 ಮೀಟರು ಎತ್ತರದಲ್ಲಿರುವ ಹೊಸಪೇಟೆಯಲ್ಲಿ ಈ ಒತ್ತಡ ಚದರ ಮೀಟರಿಗೆ ಒಂಬತ್ತು ಟನ್ನಿಗೂ ಮಿಕ್ಕಿದ್ದು. ಯಂತ್ರವಿಲ್ಲದೆ ದೊರೆಯುವ ಈ ಭಾರ ಗಾಳಿಗುಳ್ಳೆಗಳನ್ನು ಕುಗ್ಗಿಸಿ ಹೆಚ್ಚಿನ ರಾಳವನ್ನು ಹಿಂಡುತ್ತದೆ.

ಒಂದು ರಾತ್ರಿ ಕೊಠಡಿಯಲ್ಲಿ ಬಿಟ್ಟು, ಮರುದಿನ ನಿಮಿಷಕ್ಕೆ ಒಂದು ಡಿಗ್ರಿಗೆ ಮೀರದಂತೆ ಶಾಖವನ್ನು ಏರಿಸಬೇಕು. 60 ಡಿಗ್ರಿಯಲ್ಲಿ ಒಂದು ಗಂಟೆ ನಿಲ್ಲಿಸಿ, ಅನಂತರ 80 ಡಿಗ್ರಿಗೆ ಏರಿಸಿ ಮೂರು ನಾಲ್ಕು ಗಂಟೆ ಇಡಬೇಕು. ನಿಖರವಾದ ಕಾಲ ಮತ್ತು ಉಷ್ಣತೆಗೆ ರಾಳ ತಯಾರಕರ ಸೂಚನೆಯೇ ಪ್ರಮಾಣ. ಒಂದು ಉಷ್ಣಮಾಪಕ ತಂತಿ ಗಾಳಿಯಲ್ಲಿದ್ದರೆ, ಇನ್ನೊಂದು ವಸ್ತುವಿಗೇ ತಾಗಿರಲಿ. ಗಾಳಿ ಕಾದೊಡನೆ ದಪ್ಪ ಅಚ್ಚು ಕಾಯುವುದಿಲ್ಲ. ಕಾಲವನ್ನು ವಸ್ತು 80 ಡಿಗ್ರಿ ಮುಟ್ಟಿದ ಮೇಲೆ ಎಣಿಸಬೇಕು. ಪಕ್ವಗೊಳ್ಳುವಾಗ ರಾಳವೂ ಶಾಖವನ್ನು ಬಿಡುವುದರಿಂದ, ದಪ್ಪ ವಸ್ತುವನ್ನು ಅವಸರದಿಂದ ಕಾಯಿಸಿದರೆ ಒಳಭಾಗ ಕಂದಿಹೋಗುತ್ತದೆ. ಕೆಲಸ ಮುಗಿದ ಮೇಲೆ ಬಾಗಿಲನ್ನು ತಟ್ಟನೆ ತೆರೆಯದೆ, ಒಳಗಿನ ಉಷ್ಣತೆ 45 ಡಿಗ್ರಿಗೆ ಇಳಿಯುವವರೆಗೆ ಕಾಯಬೇಕು. ಒಂದು ಮೀಟರು ಉದ್ದದ ಅಲ್ಯೂಮಿನಿಯಂ ಅಚ್ಚು 50 ಡಿಗ್ರಿಗೆ ಒಂದು ಮಿಲಿಮೀಟರಿಗಿಂತ ಹೆಚ್ಚು ಹಿಗ್ಗಿರುತ್ತದೆ. ಥಟ್ಟನೆ ತಣಿಸಿದರೆ ವಸ್ತು ಸೊಟ್ಟಗಾದೀತು. ನಡುವೆ ವಿದ್ಯುತ್ ಹೋದರೆ ಗಾಬರಿಯಾಗಬೇಕಿಲ್ಲ. ಬಂದ ಮೇಲೆ ಮತ್ತೆ ನಿಧಾನವಾಗಿ ಏರಿಸಿ, 80 ಡಿಗ್ರಿಯ ಕಾಲವನ್ನು ಮೊದಲಿನಿಂದ ಎಣಿಸಿದರಾಯಿತು.

ತರಗತಿಗೊಂದು ಪ್ರಯೋಗ

ಒಂದೇ ಹಾಸಿನಿಂದ 20 ಸೆಂ.ಮೀ. ಉದ್ದ, 2.5 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪದ ಮೂರು ಪಟ್ಟಿಗಳನ್ನು ಕತ್ತರಿಸಿ. ಮೊದಲನೆಯದನ್ನು ಕೊಠಡಿಯಲ್ಲಿಯೇ ಬಿಡಿ. ಎರಡನೆಯದನ್ನು 60, ಮೂರನೆಯದನ್ನು 80 ಡಿಗ್ರಿಯಲ್ಲಿ ನಾಲ್ಕು ಗಂಟೆ ಕಾಯಿಸಿ. ಪ್ರತಿಯೊಂದರ ಒಂದು ತುದಿಯನ್ನು ಬಿಗಿದು, ಇನ್ನೊಂದು ತುದಿಗೆ 200 ಗ್ರಾಂ ತೂಕ ಕಟ್ಟಿ ಬಾಗನ್ನು ಅಳೆಯಿರಿ. ಕೊಠಡಿಯಲ್ಲಿ ಮೂರೂ ಹೆಚ್ಚುಕಡಮೆ ಒಂದೇ ಸಮನಾಗಿ ಬಾಗುತ್ತವೆ. ಕಣ್ಣಿಗೆ ಭೇದ ಕಾಣದು. ಅದೇ ತೂಕದೊಡನೆ ಅವನ್ನು 65 ಡಿಗ್ರಿಯ ಒಲೆಯಲ್ಲಿಟ್ಟರೆ, ಮೊದಲನೆಯ ಪಟ್ಟಿ ತಲೆ ತಗ್ಗಿಸುತ್ತದೆ, ಮೂರನೆಯದು ನಿಲ್ಲುತ್ತದೆ. ಪಾಠದ ಸಾರವೆಲ್ಲ ಈ ಒಂದು ನೋಟದಲ್ಲಿ ಅಡಗಿದೆ.

ಇದೇ ಕಾರಣದಿಂದ ಪ್ರತಿ ಸಲವೂ ವಸ್ತುವಿನೊಡನೆ ಒಂದು ‘ಸಾಕ್ಷಿ ಪಟ್ಟಿ’ಯನ್ನು ಕಾಯಿಸಿ ಪರೀಕ್ಷಿಸುವ ನಿಯಮವಿರಲಿ. ವಸ್ತುವನ್ನು ಮುರಿದು ನೋಡಲಾಗದು, ಸಾಕ್ಷಿಯನ್ನು ಮುರಿಯಬಹುದು.

ಎಚ್ಚರಿಕೆಗಳು

ಗಟ್ಟಿಕಾರಕವನ್ನು ಕೈಯಳತೆಯಲ್ಲಿ ಹಾಕದೆ ತಕ್ಕಡಿಯಲ್ಲಿ ತೂಗಬೇಕು; ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದೆಂಬುದು ತಪ್ಪು ತಿಳಿವಳಿಕೆ. ಹೆಚ್ಚಿನದು ಜೋಡಿಯಿಲ್ಲದೆ ಉಳಿದು ವಸ್ತುವನ್ನು ದುರ್ಬಲಗೊಳಿಸುತ್ತದೆ. ಹಸಿ ರಾಳ ಚರ್ಮಕ್ಕೆ ತಾಗದಂತೆ ಕೈಗವಸು, ಗಾಜಿನ ಪುಡಿ ಉಸಿರಿಗೆ ಹೋಗದಂತೆ ಮುಖಗವಸು ಧರಿಸಬೇಕು. ಅಸಿಟೋನಿನಿಂದ ಒರೆಸಿದ ವಸ್ತು ಪೂರ್ಣ ಆರುವವರೆಗೆ ಒಲೆಯ ಬಳಿ ತರಬಾರದು. ಅದರ ಆವಿ ಕಿಡಿಗೆ ಹೊತ್ತಿಕೊಳ್ಳುತ್ತದೆ. ಒಲೆಯ ಲೋಹದ ಮೈಗೆ ಭೂಸಂಪರ್ಕ, ಮಂಡಲಕ್ಕೆ ಸೋರಿಕೆ ತಡೆಯುವ ಬ್ರೇಕರ್ ಇರಬೇಕು. ಈ ಜೋಡಣೆ ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಂದಲೇ ಆಗಬೇಕು. ಈ ಒಲೆಯಲ್ಲಿ ಅನ್ನಾಹಾರವನ್ನು ಎಂದಿಗೂ ಬಿಸಿ ಮಾಡಕೂಡದು. ಒಲೆ ಉರಿಯುತ್ತಿರುವಾಗ ಅಧ್ಯಾಪಕರೊಬ್ಬರು ಹತ್ತಿರವಿರಲೇಬೇಕು.

ಉಪಸಂಹಾರ

ತೋರಣಗಲ್ಲಿನ ಕೋಕ್ ಒಲೆಗಳ ಸಾವಿರ ಡಿಗ್ರಿಗೂ ಮಿಕ್ಕ ಉರಿಯ ಮುಂದೆ ನಮ್ಮ 80 ಡಿಗ್ರಿಯ ಪೆಟ್ಟಿಗೆ ಅಲ್ಪವೆನಿಸಬಹುದು. ಆದರೆ ಶಾಖ, ವಿದ್ಯುತ್ತು, ರಸಾಯನ, ಕ್ಷೇತ್ರಗಣಿತಗಳೆಂದು ಪುಸ್ತಕದಲ್ಲಿ ಬಿಡಿಬಿಡಿಯಾಗಿ ಓದಿದ ಅಧ್ಯಾಯಗಳು ಈ ಪೆಟ್ಟಿಗೆಯಲ್ಲಿ ಒಂದಾಗುತ್ತವೆ. ಆನೆಗೊಂದಿಗೆಂದು ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಜೀವಹಾನಿಯಾದುದನ್ನು ಈ ಸೀಮೆ ಮರೆತಿಲ್ಲ. ಕಟ್ಟುವವನ ಕೈಯಲ್ಲಿ ಬಳಸುವವನ ಪ್ರಾಣವಿರುತ್ತದೆಂಬುದನ್ನು ನಾಳೆ ಇಂಜಿನಿಯರುಗಳೂ ಮೇಸ್ತ್ರಿಗಳೂ ಆಗಲಿರುವ ಮಕ್ಕಳು ಎಳವೆಯಲ್ಲಿಯೇ ಅರಿಯಬೇಕು. ತಗಡು, ಹೀಟರ್, ನಿಯಂತ್ರಕಗಳು ನಮ್ಮ ಪೇಟೆಗಳ ಅಂಗಡಿಗಳಲ್ಲಿ ದೊರೆಯುವಂಥವು. ಹಳೆಯ ವಿದ್ಯಾರ್ಥಿಗಳಲ್ಲಿ ವೆಲ್ಡಿಂಗ್, ವಿದ್ಯುತ್ ಕೆಲಸ ಬಲ್ಲವರು ವರ್ಷಕ್ಕೆ ಎರಡು ದಿನ ಬಂದು ಕೈಜೋಡಿಸಿದರೆ ಅದು ಹಣದ ದಾನಕ್ಕಿಂತ ಕಡಮೆಯದಲ್ಲ. ಒಲೆಯ ಪಕ್ಕದಲ್ಲಿ ಒಂದು ದಿನಚರಿ ಪುಸ್ತಕವಿರಲಿ. ದಿನಾಂಕ, ರಾಳದ ತೂಕ, ಗಂಟೆ ಗಂಟೆಯ ಉಷ್ಣತೆ, ಸಾಕ್ಷಿ ಪಟ್ಟಿಯ ಬಾಗು ಇವನ್ನು ವಿದ್ಯಾರ್ಥಿಯೇ ಬರೆದು ತನ್ನ ಹೆಸರನ್ನು ಕೆಳಗೆ ಬರೆಯಲಿ. ಹದ ತಪ್ಪಿದ ದಿನದ ಬರಹವೂ ಅಳಿಸದೆ ಉಳಿಯಲಿ. ಮುಂದಿನ ತಂಡದ ಮಕ್ಕಳಿಗೆ ಅದೇ ಹೆಚ್ಚಿನ ಪಾಠ ಹೇಳೀತು.